ಗುತ್ತೇದಾರ ಕಲ್ಯಾಣಪ್ಪನ ಗವಸು

ಕಲ್ಯಾಣಪ್ಪನಿಗೆ ಗುತ್ತೇದಾರನಾಗಬೇಕೆಂಬ ಆಸೆ ಹುಟ್ಟಿದ್ದು ಷಡ್ಡಕನ ಮನೆಯ ಊಟದಲ್ಲಿ, ಎರಡನೆಯ ಹೋಳಿಗೆಗೂ ಮೂರನೆಯ ಹೋಳಿಗೆಗೂ ನಡುವೆ. ಷಡ್ಡಕ ಮಾಣಿಕಪ್ಪ ಸರಕಾರದ ಸಡಕಿಗೆ ಖಡಿ ಹಾಕಿಸುವ ಗುತ್ತಿಗೆ ಹಿಡಿದವನು. ಬಡಿಸುವವರು ಅವನ ಎಲೆಯ ಮುಂದೆ ಬಗ್ಗಿ, "ಗುತ್ತೇದಾರರ, ತುಪ್ಪ ಹಾಕ್ಲೇನ್ರೀ?" ಎಂದು ಕೇಳಿ ಧಾರೆಯಾಗಿ ಸುರಿದರು. ಮುಂದಿನ ಎಲೆ ಕಲ್ಯಾಣಪ್ಪನದು. "ಏ, ಗೋಣಿಚೀಲದವರಿಗೆ ಸಾರು ತರ್ರೀ" ಎಂದು ಕೂಗಿ, ತುಪ್ಪದ ತಂಬಿಗೆ ಹಿಡಿದುಕೊಂಡು ಅವನನ್ನು ದಾಟಿ ಹೋದರು.

ಕಲ್ಬುರ್ಗಿಯ ಜಗತ್ ಚೌಕದ ಹತ್ತಿರ ಅವನದೊಂದು ಅಂಗಡಿ. ಗೋಣಿಚೀಲ, ಹಗ್ಗ, ಎತ್ತಿಗೆ ಹೊದಿಸುವ ಝೂಲು, ಹರಿದ ಡೇರೆಗೆ ತೇಪೆ, ಇಷ್ಟೇ ವ್ಯಾಪಾರ. ಊಟದ ಮರುದಿನವೇ ಅಂಗಡಿಯ ಮೇಲೆ ಹೊಸ ಬೋರ್ಡು ಏರಿತು: "ಕಲ್ಯಾಣಪ್ಪ, ಸರಕಾರಿ ಗುತ್ತೇದಾರ." ಸರಕಾರಕ್ಕೆ ಈ ಸಂಗತಿ ಇನ್ನೂ ತಿಳಿದಿರಲಿಲ್ಲ, ಅಷ್ಟೆ.

ಹೆಂಡತಿ ನೀಲಗಂಗಮ್ಮ ಬೋರ್ಡನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅಡಿಗಿಮನಿ ಮಾಳಗಿ ಮೂರು ಮಳಿಗಾಲದಿಂದ ಸೋರಾಕತ್ತದ. ಸಾರಿಗೆ ಉಪ್ಪು ಹಾಕಿದ್ರ ಮ್ಯಾಲಿಂದ ನೀರು ಬಿದ್ದು ಸಪ್ಪಗಾಗ್ತದ. ಎರಡು ಸರ್ತಿ ಉಪ್ಪು ಹಾಕೂದು ಕಲ್ತು ಕುಂತೀನಿ ನಾ. ಒಂದು ಹನಿ ಸೋರಲಾರದಂಥಾದ್ದು ಏನರ ಹೊಲದು ತೋರಸ್ರಿ. ಅವತ್ತ ನಾನ ನಿಮ್ಮನ್ನ ಗುತ್ತೇದಾರರ ಅಂತ ಕರೀತೀನಿ."

"ಅಲ್ಲೀತನಕ?"

"ಅಲ್ಲೀತನಕ ‘ಏನ್ರೀ, ಕೇಳಿದ್ರೇನ್ರೀ’ನ."

ಕಲ್ಯಾಣಪ್ಪ ಒಳ್ಳೆಯ ಮನುಷ್ಯ. ಆದರೆ ಅವನ ಬಾಯಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಓಡುತ್ತಿತ್ತು. ಒಂದು ದಿನ ಜಿಲ್ಲೆಯ ಮುಖ್ಯಾಧಿಕಾರಿ ತಾಲ್ಲೂಕದಾರ ಸಾಹೇಬರ ದಫ್ತರದ ಪೇಶ್ಕಾರ ಫಕ್ರುದ್ದೀನ್ ಸಾಹೇಬರು ಅಂಗಡಿಯ ಮುಂದೆ ಟಾಂಗಾ ನಿಲ್ಲಿಸಿ ಬೋರ್ಡು ಓದತೊಡಗಿದಾಗ ಅದೇ ಬಾಯಿ ಅವನನ್ನು ಕೈಬಿಟ್ಟಿತು.

"ಯಾವ ಸರಕಾರದ ಗುತ್ತೇದಾರಪ್ಪ ನೀ? ನಮ್ಮ ದಫ್ತರದಾಗ ನಿನ್ನ ಹೆಸರು ಇಲ್ಲಲ್ಲ?"

"ಆಗಾಕತ್ತೀನ್ರೀ ಸರಕಾರ... ಇನ್ನೂ ಆಗಿಲ್ಲ," ಎಂದ ಕಲ್ಯಾಣಪ್ಪ, ಬೆವರು ಒರೆಸಿಕೊಳ್ಳುತ್ತ.

ಪೇಶ್ಕಾರರು ಸಿಟ್ಟಾಗಲಿಲ್ಲ, ಏಕೆಂದರೆ ಅವರಿಗೂ ಒಂದು ಗರಜು ಇತ್ತು. ಐವಾನ್-ಎ-ಶಾಹಿ ಬಂಗಲೆಯ ಅಂಗಳದಲ್ಲಿ ಸಾಹೇಬರ ದೌರಾಗಾಡಿ ನಿಂತಿತ್ತು. ಎರಡು ಗಾಲಿಯ ಮೇಲೆ ಕಟ್ಟಿಗೆಯ ಪುಟ್ಟ ಕೋಣೆ, ಅದರ ಮಾಡಿನ ಹಲಗೆಗಳು ಬಿರುಕು ಬಿಟ್ಟವು. ಒಳಗೆ ಒಂದು ಮಂಚ, ಒಂದು ಮೇಜು, ಗೂಟಕ್ಕೊಂದು ಕಂದೀಲು. ಸಾಹೇಬರು ಊರೂರು ತಿರುಗುವಾಗ ಅದರಲ್ಲೇ ವಾಸ. ಉಳಿದ ದಿನ ಅದು ಬಯಲಿನಲ್ಲಿ ನಿಲ್ಲಬೇಕು. ಹೋದ ವರ್ಷ ಅದಕ್ಕೆ ಹೊದಿಸಿದ್ದ ಗವಸು ಬಿಸಿಲಿಗೆ ಹಪ್ಪಳವಾಗಿ, ಮಳೆಗೆ ಪುಡಿಯಾಗಿ, ನೀರು ಕುಡಿದ ಕಟ್ಟಿಗೆ ಉಬ್ಬಿ ಬಾಗಿಲು ತೆರೆಯದೆ, ಸಾಹೇಬರು ಕಿಟಕಿಯಿಂದ ಒಳಗೆ ಹೋಗಬೇಕಾಗಿ ಬಂದಿತ್ತು. ಅರ್ಧಕ್ಕೆ ಸಿಕ್ಕಿಬಿದ್ದ ಸಾಹೇಬರನ್ನು ಹಿಂದಿನಿಂದ ನೂಕಿದವರು ಇದೇ ಪೇಶ್ಕಾರರು. ಆ ನೆನಪು ಇಬ್ಬರಿಗೂ ಬೇಡವಾಗಿತ್ತು.

"ಬಯಲಾಗ ತಾಳೂವಂಥ ಗವಸು ಹೊಲೀತೀ?"

"ಮೂರು ಮಳಿಗಾಲ ತಾಳ್ತದ್ರೀ!" ಎಂದ ಕಲ್ಯಾಣಪ್ಪ. ಪೇಶ್ಕಾರರ ಹುಬ್ಬು ಏರಿದ್ದು ಕಂಡು, "ಐದು!" ಎಂದ. ಹುಬ್ಬು ಇನ್ನೂ ಇಳಿಯದಿರಲು, "ನಾವು ಸತ್ತ ಮ್ಯಾಲೂ ಇರ್ತದ್ರೀ!" ಎಂದುಬಿಟ್ಟ.

"ನೀ ಸಾಯೂ ತನಕ ಕಾಯಾಕ ನಮಗ ಫುರಸತ್ತಿಲ್ಲ. ರೋಹಿಣಿ ಬಿಸಿಲಿನಿಂದ ಹುಬ್ಬಿ ಮಳಿ ತನಕ, ನಾಕು ತಿಂಗಳು, ಗಾಡಿ ಬಯಲಾಗ ಇರ್ತದ. ಆಮ್ಯಾಲ ನಾ ಬಂದು ನೋಡ್ತೀನಿ. ಒಳಗ ಒಣಗಿತ್ತಂದ್ರ ಜಿಲ್ಲಾದಾಗಿನ ಎಲ್ಲಾ ಗಾಡಿ, ಡೇರೆ ನಿನ್ನ ಗುತ್ತಿಗಿ. ಒಂದ, ಒಂದ ಹನಿ ಬಿದ್ದಿತ್ತಂದ್ರ ಈ ಬೋರ್ಡು ನಿನ್ನ ತಲಿ ಮ್ಯಾಲ ಹೊರಿಸಿ ಜಗತ್ ತುಂಬ ತಿರುಗಸ್ತೀನಿ. ಗಾಡಿ ಕಮಲಾಪುರದಾಗ ಇರಲಿ."

"ಇಲ್ಲೇ ಇದ್ರ ಏನ್ರೀ ಸರಕಾರ?"

"ಇಲ್ಲಿದ್ರ ಮಳಿ ಬಂದಾಗೊಮ್ಮೆ ನೀ ಓಡಿ ಬಂದು ಕೊಡಿ ಹಿಡೀತಿ."

ಅದೇ ವಿಚಾರ ಆಗಲೇ ಕಲ್ಯಾಣಪ್ಪನ ತಲೆಯಲ್ಲಿ ಬಂದು ಕುಳಿತಿತ್ತು. ಪೇಶ್ಕಾರರಿಗೆ ಹೇಗೆ ಕಂಡಿತೋ ಎಂದು ಅವನಿಗೆ ಬೆರಗಾಯಿತು.

ಕೆಲಸದಲ್ಲಿ ಮಾತ್ರ ಅವನು ಮೋಸ ಮಾಡಲಿಲ್ಲ. ದಪ್ಪ ಖಾದಿ ತಂದ. ಕುಸುಬಿ ಎಣ್ಣೆಯನ್ನು ಹಂಡೆಯಲ್ಲಿ ಎರಡು ದಿನ ಕಾಯಿಸಿದ, ಅದು ಅಂಟಿನಂತೆ ಗಟ್ಟಿಯಾಗುವ ತನಕ. ಆ ವಾಸನೆಗೆ ಓಣಿಯ ಅರ್ಧ ಜನ ಬೀಗರ ಊರಿಗೆ ಹೋದರು. ಬೀಗರಿಲ್ಲದವರು ಬಂದು ಬೈದರು. ಬಟ್ಟೆಗೆ ಎರಡೂ ಮಗ್ಗುಲು ಎಣ್ಣೆ ಬಳಿದು, ಒಣಗಿಸಿ, ಹೊಲಿದ. ಅಲ್ಲಿಗೇ ಬಿಡಬಹುದಿತ್ತು. ಆದರೆ ಗುತ್ತೇದಾರನ ಕೈಕೆಲಸ ಬರೀ ಬೋಳಾಗಿದ್ದರೆ ಹೇಗೆ? ಮದುವೆಯ ಎತ್ತುಗಳ ಝೂಲಿಗೆಂದು ಇಟ್ಟಿದ್ದ ಕೆಂಪು ಅಂಚು, ಹಸಿರು ಗೊಂಡೆ, ಎರಡು ಸಾಲು ಜರಿ ಸುತ್ತಲೂ ಹಚ್ಚಿದ. ಗವಸು ಹಾಕಿ ನಾಲ್ಕೂ ಕಡೆ ಬಿಗಿದು ಕಟ್ಟಿದಾಗ ಗಾಡಿ ನವಾಬರ ಮನೆಯದಾಗಿ ಕಾಣಿಸಿತು. ಮುಂದಿನ ಅನಾಹುತಕ್ಕೆಲ್ಲ ಆ ಗೊಂಡೆಗಳೇ ಕಾರಣ.

ಆ ಕಾಲದಲ್ಲಿ ಸುತ್ತಲೂ ಪರದೆ ಕಟ್ಟಿದ ಗಾಡಿಯೆಂದರೆ ಒಳಗೆ ದೊಡ್ಡ ಮನೆತನದ ಹೆಣ್ಣುಮಕ್ಕಳು ಇದ್ದಾರೆಂದೇ ಲೆಕ್ಕ. ಅಂಥ ಗಾಡಿ ಬಂದರೆ ಗಂಡಸರು ದಾರಿ ಬಿಟ್ಟು ಬೆನ್ನು ತಿರುಗಿಸಿ ನಿಲ್ಲಬೇಕು. ಒಳಗೆ ಯಾರೆಂದು ಕೇಳುವಷ್ಟು ಮರ್ಯಾದೆಗೆಟ್ಟವನು ಇಡೀ ಸೀಮೆಯಲ್ಲಿ ಸಿಗುತ್ತಿರಲಿಲ್ಲ.

ಎತ್ತು ಹೂಡಿದ ಗಾಡಿಯ ಮುಂದೆ ಕೊಡೆ ಹಿಡಿದು ಕಲ್ಯಾಣಪ್ಪ ಕಮಲಾಪುರಕ್ಕೆ ನಡೆದ. ದಾರಿಯಲ್ಲಿನ ಮಹಾಗಾಂವದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹತ್ತು ಹದಿನೈದು ಜನ ದಿಗ್ಗನೆ ಎದ್ದು, ತಿರುಗಿ, ಗೋಡೆಗೆ ಮುಖ ಮಾಡಿ ನಿಂತರು. ಕಲ್ಯಾಣಪ್ಪನ ಎದೆ ಉಬ್ಬಿತು. ಗುತ್ತೇದಾರನ ಮುಖ ನೋಡಲೂ ಜನ ಅಂಜುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಇದನ್ನು ಮಾಣಿಕಪ್ಪ ನೋಡಬೇಕಿತ್ತು!

ಕಮಲಾಪುರದ ಪೊಲೀಸ್ ಪಾಟೀಲ ದೌಲಪ್ಪ ಊರ ಮುಂದೆಯೇ ಎದುರಾದ. ದೊಡ್ಡ ರುಮಾಲು, ಅದಕ್ಕೆ ತಕ್ಕ ಮೀಸೆ. ಗಾಡಿ ಕಂಡವನೇ ಗಕ್ಕನೆ ತಿರುಗಿ, ತನ್ನ ಬೆನ್ನಿನ ಮೂಲಕವೇ ಮಾತಾಡಿಸಿದ.

"ಯಾರ ಕಡಿಂದ ಬಂತ್ರೀ ಗಾಡಿ?"

"ತಾಲ್ಲೂಕದಾರ ಸಾಹೇಬರದು. ನಾಕು ತಿಂಗಳು ಇಲ್ಲೇ ಬಯಲಾಗ ಇರ್ತದ. ಯಾರೂ ಸಮೀಪ ಹೋಗಬಾರದು. ಗವಸು ಎತ್ತಬಾರದು. ಹುಕುಂ ಅದ."

ನಾಲ್ಕು ತಿಂಗಳು! ಬಯಲಿನಲ್ಲಿ! ದೌಲಪ್ಪ ಮೀಸೆ ತಿರುವತೊಡಗಿದ. ಸಾಹೇಬರು ಮನೆಯವರನ್ನು ಯಾಕೆ ಹೀಗೆ ಕಳಿಸಿದರು? ಜಗಳವೇ? ಸಿಟ್ಟೇ? ಆದರೆ ಕೇಳುವಂತಿಲ್ಲ. ಮಾನಸ್ಥನಾಗಿ ಹುಟ್ಟಿದ ತಪ್ಪಿಗೆ ಎಲ್ಲವನ್ನೂ ನುಂಗಿಕೊಂಡು, ಚಾವಡಿಯ ಮುಂದಿನ ಬಯಲಲ್ಲಿ, ಬೇವಿನ ಗಿಡದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಗಾಡಿ ನಿಲ್ಲಿಸಿದ. ತಳವಾರ ದೇವಿಂದ್ರಪ್ಪನನ್ನು ಕಾವಲಿಗೆ ಹಾಕಿದ. "ಬೆನ್ನು ಮಾಡಿ ಕುಂದ್ರು. ಕಣ್ಣು ಆ ಕಡಿ ಹೋಯಿತಂದ್ರ ನೌಕರಿ ಹೋಯಿತು." ದೇವಿಂದ್ರಪ್ಪ ಅಂದಿನಿಂದ ಗಾಡಿಗೆ ಬೆನ್ನು ಕೊಟ್ಟು ಗಾಡಿ ಕಾದ.

ಮೊದಲ ಎರಡು ಸಂತೆಗೆ ಕಲ್ಯಾಣಪ್ಪ ತಪ್ಪದೆ ಬಂದ. ಗಂಟು ಬಿಚ್ಚುವುದಿಲ್ಲವೆಂದು ಪೇಶ್ಕಾರರಿಗೆ ಮಾತು ಕೊಟ್ಟಿದ್ದರಿಂದ ಗವಸನ್ನು ಹೊರಗಿನಿಂದಲೇ ಸವರಿದ, ಮೂಸಿದ, ಕಟ್ಟಿಗೆ ಸೀಳುತ್ತದೆಯೇ ಎಂದು ಕಿವಿ ಹಚ್ಚಿ ಕೇಳಿದ. "ತಾಳ್ಕೋ ನನ್ನವ್ವ, ಇನ್ನ ಸ್ವಲ್ಪ ದಿನ ತಾಳ್ಕೋ. ನನ್ನ ಮಾನ ನಿನ್ನ ಕೈಯಾಗ ಅದ," ಎಂದು ಬಟ್ಟೆಗೆ ಕೈಮುಗಿದ.

ಇದನ್ನೆಲ್ಲ ಎದುರು ಮನೆಯ ಇಕ್ಬಾಲ್ ಬೇಗಂ ಬಾಗಿಲಿಗೆ ಇಳಿಬಿಟ್ಟ ಬಿದಿರುಕಡ್ಡಿಯ ಚಿಕ್ಕಿನ ಹಿಂದಿನಿಂದ ನೋಡಿದರು. ಅರವತ್ತು ದಾಟಿದ ಹಿರಿಯಾಕೆ. ಊರಿನ ಎಲ್ಲ ಬಾಣಂತನಕ್ಕೂ ಎಲ್ಲ ಜಗಳಕ್ಕೂ ಅವರೇ ಮುಂದು.

"ಬೇಡಿಕೋತಾನ, ಕೈ ಮುಗೀತಾನ, ಒಳಗಿಂದ ಒಂದು ಮಾತು ಇಲ್ಲ. ಮುನಿಸ್ಕೊಂಡು, ರುಸುವಿ ಮಾಡ್ಕೊಂಡು ಕುಂತಾಳ ಬಿಚಾರಿ," ಎಂದು ನಿಟ್ಟುಸಿರು ಬಿಟ್ಟರು. "ಉಪಾಸ ಬಿಡಬಾರದು ಪಾಟೀಲ್ರ. ಊರಿನ ಹೆಸರು ಕೆಡ್ತದ."

ಅಂದಿನಿಂದ ಗಾಡಿಯ ಮೆಟ್ಟಿಲ ಮೇಲೆ ತಾಟು ಬಂತು. ಮೊದಲ ದಿನ ರೊಟ್ಟಿ, ಪುಂಡಿಪಲ್ಯ, ಅದರ ಪಕ್ಕದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಚಿಪ್ಪು. ಸಂಜೆಗೆ ನೋಡಿದರೆ ರೊಟ್ಟಿ ಹಾಗೇ ಇತ್ತು, ಹಣ್ಣು ಒಂದೂ ಇರಲಿಲ್ಲ. ಬೇವಿನ ಗಿಡದ ಮೇಲೆ ಮಂಗಗಳ ಒಂದು ದೊಡ್ಡ ಸಂಸಾರವಿತ್ತೆಂಬುದು ಊರಿಗೆಲ್ಲ ಗೊತ್ತು. ಆದರೆ ಅವು ಇಳಿದು ಬಂದದ್ದನ್ನು ನೋಡಬಹುದಾಗಿದ್ದ ಒಬ್ಬನೇ ಮನುಷ್ಯ ಬೆನ್ನು ತಿರುಗಿಸಿ ಕುಳಿತಿದ್ದ.

"ಬಾಳಿಹಣ್ಣು ಭಾಳ ಸೇರ್ತದ ಬೇಗಂ ಸಾಹೇಬರಿಗೆ," ಎಂದು ದೇವಿಂದ್ರಪ್ಪ ವರದಿ ಒಪ್ಪಿಸಿದ. "ಸಿಪ್ಪಿ ಸೈತ ದೂರ ಒಗೀತಾರ. ಒಂದು ನನ್ನ ತಲಿ ಮ್ಯಾಲ ಬಿತ್ತು. ದೊಡ್ಡವರ ಕೈ, ಏನ್ ಅನ್ನೂದು?"

ಮಿರಗದ ಮೊದಲ ಮಳೆ ಹೊಡೆದ ದಿನ ಊರಿನ ಹೆಂಗಸರು ಮರುಗಿದರು. ದೌಲಪ್ಪ ತೊಗರಿಕಟ್ಟಿಗೆಯ ಹಂದರ ಹಾಕಿಸಿ, ಅದರ ಮೇಲೆ ತನ್ನ ದನದ ಕೊಟ್ಟಿಗೆಯ ತಗಡುಗಳನ್ನೇ ಕಿತ್ತು ತಂದು ಹೊದಿಸಿದ. ದನಗಳು ನೆನೆದವು. ಗವಸು ಮಾತ್ರ ಒಂದು ಹನಿ ಮಳೆಯನ್ನೂ ಒಂದು ಝಳ ಬಿಸಿಲನ್ನೂ ಮತ್ತೆ ಕಾಣಲಿಲ್ಲ.

ಕಲ್ಯಾಣಪ್ಪನಿಗೆ ಇದು ಗೊತ್ತೇ ಆಗಲಿಲ್ಲ. ಮಳೆ ಹಿಡಿದ ಮೇಲೆ ಕಮಲಾಪುರದ ಕಡೆ ಹೋಗುವ ಧೈರ್ಯ ಅವನಿಗೆ ಬರಲಿಲ್ಲ. ಮೋಡ ಕಂಡರೆ ಒಂದು ತೆಂಗಿನಕಾಯಿ ಹರಕೆ ಹೊರುತ್ತಿದ್ದ. ಗುಡುಗಿದರೆ ಬೋರ್ಡನ್ನು ನೋಡಿ ಕಣ್ಣೀರು ತಂದುಕೊಳ್ಳುತ್ತಿದ್ದ.

ಹಾಗೆಂದು ಸುದ್ದಿ ಕಲ್ಬುರ್ಗಿಗೆ ಬಾರದೆ ಇರಲಿಲ್ಲ. ಬಾಳೆಹಣ್ಣು ಮಾರಲು ಬಂದ ಕಮಲಾಪುರದ ಬಂಡೆಮ್ಮ ಬುಟ್ಟಿ ಇಳಿಸಿಕೊಂಡು ನೀಲಗಂಗಮ್ಮನ ಕಿವಿಯಲ್ಲಿ ಊದಿದಳು.

"ನಿಮ್ಮ ಮನಿಯವರು ನಮ್ಮೂರಾಗ ಒಬ್ಬಾಕಿನ್ನ ಗಾಡ್ಯಾಗ ಇಟ್ಟಾರ್ರೀ ಯವ್ವಾ. ಸಾಹೇಬರ ಕಡಿಯಾಕಿ ಅಂತ ಹೇಳ್ತಾರ. ಆದ್ರ ಗಾಡಿಗೆ ಕಿವಿ ಹಚ್ಚಿ ಮಾತಾಡಸೋರು ಇವರ."

"ಏನಂತ ಮಾತಾಡಸ್ತಾರ?"

"ತಾಳ್ಕೋ, ನನ್ನ ಮಾನ ನಿನ್ನ ಕೈಯಾಗ ಅದ, ಅಂತ."

ನೀಲಗಂಗಮ್ಮ ಅಳಲಿಲ್ಲ, ಕೂಗಲಿಲ್ಲ. ಅವತ್ತು ಸಾರಿಗೆ ಮೂರು ಸಲ ಉಪ್ಪು ಹಾಕಿದಳು.

ಹುಬ್ಬಿ ಮಳೆಯ ದಿನಗಳು ಬಂದವು. ಪೇಶ್ಕಾರರು ಟಾಂಗಾ ತಂದರು. "ನಾನೂ ಬರ್ತೀನಿ," ಎಂದಳು ನೀಲಗಂಗಮ್ಮ. ತನ್ನ ಕೀರ್ತಿ ನೋಡಲು ಹೆಂಡತಿಗೆ ಆಸೆಯಾಗಿದೆಯೆಂದು ಕಲ್ಯಾಣಪ್ಪ ಹಿಗ್ಗಿದ. ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ಅದೂ ಮರ್ಯಾದೆಗೇ ಇರಬೇಕೆಂದು ಅವನು ತಿಳಿದ.

ಕಮಲಾಪುರದ ಬಯಲಲ್ಲಿ ಟಾಂಗಾ ಇಳಿದವನೇ ಕಲ್ಯಾಣಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. ಹಂದರ! ತಗಡು! ಅದರ ಕೆಳಗೆ ಅವನ ಗವಸು, ಹೊಲಿದ ದಿನ ಹೇಗಿತ್ತೋ ಹಾಗೇ.

"ಯಾರ್ ಹಾಕಿದ್ರಿದನ್ನ? ತಗೀರಿ! ಅದರ ಮ್ಯಾಲ ಮಳಿ ಬೀಳಬೇಕು, ಬಿಸಿಲು ಸುಡಬೇಕು!"

ಜನ ಸೇರಿತು. ಚಿಕ್ಕಿನ ಹಿಂದಿನಿಂದ ಇಕ್ಬಾಲ್ ಬೇಗಂ ಬುರ್ಖಾ ಹೊದ್ದು ಹೊರಗೇ ಬಂದರು.

"ಏ ಜಾಲಿಮ್! ಒಳಗಿದ್ದವರ ಗತಿ ಏನು?"

"ಒಳಗ ಏನಾಗ್ತದ ನೋಡೋಣ ಅಂತನ ಇಟ್ಟಿದ್ದು ಬೇಗಂ ಸಾಹೇಬಾ! ನಾಕು ತಿಂಗಳು ಗಾಳಿ ಸೈತ ಹೋಗಬಾರದು ಅಂತ ಹೊಲದೀನಿ!"

"ಯಾ ಅಲ್ಲಾಹ್!"

ಹೆಂಗಸರು ಲಟ್ಟಣಿಗೆ ಹುಡುಕತೊಡಗಿದರು. ದೌಲಪ್ಪ ಗಾಡಿಗೆ ಬೆನ್ನು ತಿರುಗಿಸಿಯೇ ಹಿಂದಕ್ಕೆ ನಡೆದು ಬಂದು ಕಲ್ಯಾಣಪ್ಪನ ಕೊರಳಪಟ್ಟಿ ಹಿಡಿದ. ಪೇಶ್ಕಾರರು ನಡುವೆ ಬಂದರು.

"ಖಾಮೋಶ್! ಗಾಡಿ ಬಯಲಾಗ ಇರಬೇಕು ಅಂತ ಸಾಹೇಬರ ಹುಕುಂ. ಮೊದಲು ತಗಡು ಇಳಸ್ರಿ."

ಜನ ಕಣ್ಣು ಮುಚ್ಚಿಕೊಂಡೇ ತಗಡು ಇಳಿಸಿದರು. ಎರಡು ತಗಡು ದೇವಿಂದ್ರಪ್ಪನ ಕಾಲ ಮೇಲೆ ಬಿದ್ದವು. ಅವನು ಮರ್ಯಾದೆಗೆ ಕೂಗಲಿಲ್ಲ.

"ಈಗ ಹೇಳ್ರಿ. ಒಳಗ ಯಾರಿದ್ದಾರ?" ಎಂದರು ಪೇಶ್ಕಾರರು.

"ನಿಮ್ಮ ಸಾಹೇಬರ ಬೇಗಂರು," ಎಂದ ದೌಲಪ್ಪ, ಪಿಸುಮಾತಿನಲ್ಲಿ.

ಪೇಶ್ಕಾರರು ನಗಲು ಬಾಯಿ ತೆರೆದರು. ಸಾಹೇಬರ ಬೇಗಂ ಹೈದರಾಬಾದಿನಲ್ಲಿದ್ದರು. ಅವರಿಗೆ ತಿಳಿದ ಮಟ್ಟಿಗೆ. ಆದರೆ ದೊಡ್ಡವರ ಮನೆತನದ ಸಂಗತಿಯಲ್ಲಿ ಪೇಶ್ಕಾರನಿಗೆ ತಿಳಿದದ್ದೆಷ್ಟು? ತಪ್ಪಿ ಗವಸು ಎತ್ತಿ, ಒಳಗೆ ಯಾರಾದರೂ ಇದ್ದುಬಿಟ್ಟರೆ? ಇಪ್ಪತ್ತು ವರ್ಷದ ನೌಕರಿ ಕಣ್ಣ ಮುಂದೆ ಹಾದು ಹೋಯಿತು. ಅವರು ಮೆಲ್ಲಗೆ ಬಾಯಿ ಮುಚ್ಚಿ, ಬೆನ್ನು ತಿರುಗಿಸಿ ನಿಂತರು.

"ಖಾಲಿ ಅದ್ರೀ! ಯಾರೂ ಇಲ್ಲ!" ಎಂದು ಕಲ್ಯಾಣಪ್ಪ ಅಂಗಲಾಚಿದ.

"ಖಾಲಿ ಗಾಡಿ ದಿನಾ ಒಂದು ಚಿಪ್ಪು ಬಾಳಿಹಣ್ಣು ತಿಂತದೇನೋ?" ಎಂದ ದೌಲಪ್ಪ.

ಕಲ್ಯಾಣಪ್ಪ ಗಾಡಿಯ ಕಡೆ ತಿರುಗಿ ನೋಡಿದ. ಖರೇ ಯಾರಾದರೂ ಒಳಗೆ ಹೊಕ್ಕಿದ್ದಾರೆಯೇ ಎಂದು ಅವನಿಗೇ ಸಂಶಯ ಬಂತು. ಅಷ್ಟರಲ್ಲಿ ನೀಲಗಂಗಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು.

"ಗಂಡಸರು ನೋಡಬಾರದು. ಹೌದಿಲ್ಲೋ? ನಾ ನೋಡ್ತೀನಿ. ಯಾವಾಕಿ ಅದಾಳ, ಯಾವಾಕಿ ಕೈಯಾಗ ಇವರ ಮಾನ ಅದ, ನೋಡೇ ಬಿಡ್ತೀನಿ!"

ಅವಳು ಗಂಟು ಬಿಚ್ಚಿ ಗವಸಿನೊಳಗೆ ನುಗ್ಗಿದಳು. ಹಿಂದೆಯೇ ಇಕ್ಬಾಲ್ ಬೇಗಂ. ಬಾಗಿಲು ಕಿರ್ ಎಂದಿತು. ಹೊರಗೆ ಊರಿಗೆ ಊರೇ ಬೆನ್ನು ಮಾಡಿ ಉಸಿರು ಹಿಡಿದು ನಿಂತಿತು. ಒಳಗಿನಿಂದ ಇಕ್ಬಾಲ್ ಬೇಗಂರ ದನಿ ಬಂತು: "ಯಾರೂ ಇಲ್ಲ! ಬರೇ ಮಂಚ!"

"ಹಂಗಾದ್ರ ತಿರುಗೋಣೇನ್ರೀ?" ಎಂದು ದೇವಿಂದ್ರಪ್ಪ ಆಸೆಯಿಂದ ಕೇಳಿದ. ನಾಲ್ಕು ತಿಂಗಳಿಂದ ಅವನ ಕತ್ತು ಒಂದೇ ಕಡೆ ಹಿಡಿದಿತ್ತು.

"ಹುಚ್ಚ! ಈಗ ಖರೇನ ಇಬ್ಬರು ಹೆಣ್ಣುಮಕ್ಕಳು ಒಳಗಿದ್ದಾರ. ಅಲ್ಲಾಡಬ್ಯಾಡ!" ಎಂದು ದೌಲಪ್ಪ ಗದರಿದ.

ಕಲ್ಯಾಣಪ್ಪ ಮಾತ್ರ ಓರೆಗಣ್ಣಲ್ಲಿ ನೋಡಿದ. ಮರಿಯನ್ನು ಹೊಟ್ಟೆಗೆ ಅಪ್ಪಿಕೊಂಡ ಒಂದು ಮುದಿ ಮಂಗ ನೆಮ್ಮದಿಯಿಂದ ಇಳಿದು ಬಂದು, ಮೆಟ್ಟಿಲ ಮೇಲಿನ ತಾಟಿನಿಂದ ಹಣ್ಣು ಎತ್ತಿಕೊಂಡು, ಸುಲಿದು, ಸಿಪ್ಪೆಯನ್ನು ದೇವಿಂದ್ರಪ್ಪನ ತಲೆಗೆ ಗುರಿಯಿಟ್ಟು ಎಸೆಯಿತು.

"ಪಾಟೀಲ್ರ, ನಿಮ್ಮ ಬಾಳಿಹಣ್ಣು ತಿನ್ನೋರು ಇಲ್ಲಿದ್ದಾರ ನೋಡ್ರಿ!"

ದೌಲಪ್ಪ ಕತ್ತು ಹೊರಳಿಸಿ ನೋಡಿದ. ನೋಡಿದ್ದು ಮಂಗನನ್ನೇ ಆದ್ದರಿಂದ ಮರ್ಯಾದೆಗೆ ಭಂಗ ಬರಲಿಲ್ಲ. ಆದರೆ ಮೀಸೆ ಇಳಿಯಿತು.

ಯಾರಾದರೂ ನಗುವಷ್ಟರಲ್ಲಿ ಮಳೆ ಹೊಡೆಯಿತು. ಹುಬ್ಬಿ ಮಳೆ ಮೂರು ತಿಂಗಳ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸುವ ಹಟಕ್ಕೆ ಬಿದ್ದಿತ್ತು. ತಗಡು ನೆಲದ ಮೇಲೆ, ಗವಸು ಬಯಲಿನಲ್ಲಿ, ಒಳಗೆ ಇಬ್ಬರು ಹೆಂಗಸರು. ಪೇಶ್ಕಾರರ ಟೋಪಿಯಿಂದ ನೀರು ಇಳಿದು ಗಡ್ಡ ಸೇರಿತು. ಯಾರೂ ಕದಲಲಿಲ್ಲ. ಕಲ್ಯಾಣಪ್ಪ ಕಣ್ಣು ಮುಚ್ಚಿ ಶರಣಬಸವೇಶ್ವರನನ್ನು ನೆನೆದ. ಬಿಸಿಲಿನ ಪರೀಕ್ಷೆ ಹೋಗಲಿ, ಇದೊಂದು ಮಳೆ ದಾಟಿಸಪ್ಪಾ.

ಮಳೆಯ ಸದ್ದಿನ ನಡುವೆ ಗವಸಿನೊಳಗಿನಿಂದ ನೀಲಗಂಗಮ್ಮನ ದನಿ ಕೇಳಿತು.

"ಏನ್ರೀ, ಕೇಳಿದ್ರೇನ್ರೀ? ಒಂದು ತಂಬಿಗಿ ಕೊಡ್ರಿ. ಖಾಲಿದು."

ಪಾಪ, ಸೆಕೆಗೆ ಬಾಯಾರಿತೇನೋ, ಖಾಲಿ ತಂಬಿಗೆ ಯಾಕೆ ಕೇಳಿದಳೋ ಎಂದುಕೊಳ್ಳುತ್ತ, ಟಾಂಗಾದಲ್ಲಿದ್ದ ತಂಬಿಗೆಯನ್ನು ಕಲ್ಯಾಣಪ್ಪ ಮುಖ ತಿರುಗಿಸಿಯೇ ಗವಸಿನ ಕೆಳಗಿನಿಂದ ಸರಿಸಿದ. ತನ್ನ ಹೆಂಡತಿಯನ್ನು ತಾನು ನೋಡಬಹುದೆಂಬುದು ಆ ಗಡಿಬಿಡಿಯಲ್ಲಿ ಅವನಿಗೆ ನೆನಪಾಗಲಿಲ್ಲ.

ಅರ್ಧ ತಾಸಿಗೆ ಮಳೆ ನಿಂತಿತು. ಒಳಗೆ ಇಬ್ಬರೂ ಏನೋ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಪೇಶ್ಕಾರರು ಗಂಟಲು ಸರಿಮಾಡಿಕೊಂಡು, ಬೇವಿನ ಗಿಡವನ್ನು ನೋಡುತ್ತ ಕೇಳಿದರು.

"ಒಳಗಿದ್ದವರು ಸಾಕ್ಷಿ ಹೇಳಬೇಕು. ಹನಿ ಬಿತ್ತೋ, ಇಲ್ಲೋ?"

ಕಲ್ಯಾಣಪ್ಪನ ಕಣ್ಣ ಮುಂದೆ ಅವನದೇ ಬೋರ್ಡು ಅವನ ತಲೆ ಏರಿ ಜಗತ್ ತುಂಬ ಹೊರಟಿತು. ಅಂಗಡಿಯ ಮುಂದೆ ಮಾಣಿಕಪ್ಪ ನಿಂತು ನೋಡುತ್ತಿದ್ದ.

"ಅಡಿಗಿಮನಿ ಮಾಳಗಿ?" ಎಂದು ದನಿ ಬಂತು.

"ಈ ತಿಂಗಳ! ಈ ವಾರ! ನಿನ್ನ ಆಣಿ!" ಎಂದು ಕಲ್ಯಾಣಪ್ಪ ಚೀರಿದ.

"ಹಂಗಾದ್ರ ಬರಕೋರಿ ಪೇಶ್ಕಾರ ಸಾಹೇಬರ. ಗಾಡಿಯೊಳಗ ಒಂದು ಹನಿನೂ ಬಿದ್ದಿಲ್ಲ. ಏನ್ ಬೇಗಂ ಸಾಹೇಬಾ?"

"ಬಿಲ್ಕುಲ್ ಒಣಾ!" ಎಂದರು ಇಕ್ಬಾಲ್ ಬೇಗಂ.

ನೀಲಗಂಗಮ್ಮ ಹೊರಗೆ ಬಂದಳು. ಹಣೆಯ ವಿಭೂತಿ ಇಟ್ಟ ಹಾಗೇ ಇತ್ತು. ಕೈಯಲ್ಲಿದ್ದ ತಂಬಿಗೆಯ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ತೊಯ್ದು ತೊಪ್ಪೆಯಾಗಿದ್ದ ಗಂಡನನ್ನು ನೋಡಿದಳು. "ನಡೀರಿ, ನೆಗಡಿ ಆಗ್ತದ, ಗುತ್ತೇದಾರರ," ಎಂದಳು. ಅಲ್ಲಿ ಊರೇ ನಿಂತಿತ್ತು, ಇಲ್ಲದಿದ್ದರೆ ಕಲ್ಯಾಣಪ್ಪ ಅತ್ತೇಬಿಡುತ್ತಿದ್ದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ನಲವತ್ತು ಗವಸಿನ ಗುತ್ತಿಗೆಯ ಕಾಗದ ಬಂತು. ಪರೀಕ್ಷೆಯ ಗವಸನ್ನು ಪೇಶ್ಕಾರರು ವಾಪಸು ಕೊಟ್ಟರು. ಕೊಟ್ಟ ಮಾತಿನಂತೆ ಕಲ್ಯಾಣಪ್ಪ ಅದನ್ನೇ ಅಡುಗೆಮನೆಯ ಮಾಳಿಗೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿ, ಕೆಳಗಿಳಿದು ಬಂದು ಒಲೆಯ ಮುಂದೆ ಕುಳಿತ. ಆ ವರ್ಷದ ಕಡೆಯ ಮಳೆ ಶುರುವಾಯಿತು. ಅವನು ಹೆಮ್ಮೆಯಿಂದ ಮೇಲೆ ನೋಡಿದ. ಗೊಂಡೆಗಳು ಜೋಲಾಡುತ್ತಿದ್ದ ಮಾಳಿಗೆಯ ಬೆಳಕಿಂಡಿಯಲ್ಲಿ ಗವಸಿನ ಹೊಲಿಗೆ ಕಾಣುತ್ತಿತ್ತು.

ಟಪ್.

ನೀಲಗಂಗಮ್ಮ ಮೇಲೆ ನೋಡಲೂ ಇಲ್ಲ. ರೊಟ್ಟಿ ಬಡಿಯುತ್ತಲೇ ಎಡಗೈಯಿಂದ ತಂಬಿಗೆಯನ್ನು ಹನಿ ಬೀಳುವ ಜಾಗಕ್ಕೆ ಸರಿಯಾಗಿ ಸರಿಸಿದಳು.

"ಸೂಜಿ ತೂತು!" ಎಂದು ಕಲ್ಯಾಣಪ್ಪ ಹಾರಿ ಎದ್ದ. "ಬಟ್ಟಿಗೆ ಎಣ್ಣಿ ಬಳದೆ, ಆಮ್ಯಾಲ ಹೊಲದೆ. ಹೊಲಿಗಿಗೆ ಬಳಿಯೂದು ಮರತೆ! ಅಲ್ಲ... ನಿನಗ ಹೆಂಗ ಗೊತ್ತು, ಹನಿ ಅಲ್ಲೇ ಬೀಳ್ತದಂತ?"

"ಕಮಲಾಪುರದಾಗೂ ಇದ ತೂತಿನಿಂದ ಬಿತ್ತು."

ಕಲ್ಯಾಣಪ್ಪ ಮತ್ತೆ ಕುಳಿತ. ಬೇವಿನ ಬುಡಕ್ಕೆ ಚೆಲ್ಲಿದ ನೀರು ಈಗ ಅವನಿಗೆ ನೆನಪಾಯಿತು.

"ಮತ್ತ ಗಾಡಿಯೊಳಗ ಒಂದು ಹನಿನೂ ಬಿದ್ದಿಲ್ಲ ಅಂದೆಲ್ಲ ನೀ?"

"ಖರೇನ ಅಂದೀನಿ. ಬಿದ್ದಿದ್ದು ತಂಬಿಗಿಯೊಳಗ," ಎಂದಳು ನೀಲಗಂಗಮ್ಮ, ರೊಟ್ಟಿ ತಿರುವಿ ಹಾಕುತ್ತ. "ಸರಕಾರದ ನಲವತ್ತು ಗವಸು ಹೊಲೀಬೇಕು. ನಲವತ್ತು ಗಾಡ್ಯಾಗೂ ನಾ ಹೋಗಿ ಕುಂದ್ರಾಕ ಆಗೂದಿಲ್ಲ. ಏಳ್ರಿ ಗುತ್ತೇದಾರರ, ಎಣ್ಣಿ ಕಾಯಸ್ರಿ."